ಮದ್ದಿನ ಅಳತೆ

ನಮ್ಮ ಮನೆಯ ಪಡಸಾಲೆಯ ಗೋಡೆಯ ಗೂಡಿನಲ್ಲಿ ಹೆಬ್ಬೆರಳ ಗಾತ್ರದ ಹಿತ್ತಾಳೆಯ ಬಟ್ಟಲೊಂದು ಬಹುಕಾಲದಿಂದ ಇದ್ದಿತು. ಅದಕ್ಕೊಂದು ಗಿಡ್ಡ ಹಿಡಿಕೆ. ಅಂಚು ಸವೆದು ನುಣುಪಾಗಿದೆ. ಮನೆಗೆ ಬಂದ ನೆಂಟರು ಅದನ್ನು ಮಕ್ಕಳಿಗೆ ಔಷಧ ಕುಡಿಸುವ ಒಳಲೆಯ ಜಾತಿಯೆಂದೋ ಎಣ್ಣೆಯ ಅಳತೆಯೆಂದೋ ತಿಳಿಯುತ್ತಿದ್ದರು. ನಾನೂ ತಿದ್ದಲು ಹೋಗುತ್ತಿರಲಿಲ್ಲ. ಅದು ಕೋವಿಗೆ ಮದ್ದು ಹಾಕುವ ಅಳತೆ. ಇಂದು ಅದು ನಮ್ಮ ಮನೆಯಲ್ಲಿಲ್ಲ. ಏಕಿಲ್ಲವೆಂಬುದನ್ನು ಹೇಳಬೇಕಾದರೆ ಐವತ್ತಾರು ವರ್ಷ ನಾನು ಹೇಳದೆ ಉಳಿಸಿಕೊಂಡ ಮಾತೊಂದನ್ನು ಹೇಳಬೇಕಾಗುತ್ತದೆ.

ಸಾಹಿತ್ಯದ ಮಾಸಪತ್ರಿಕೆಯಲ್ಲಿ ಕೋವಿ, ಮದ್ದು, ಚರೆಗಳ ಪ್ರಸ್ತಾಪವೇ ಎಂದು ವಾಚಕರಲ್ಲಿ ಕೆಲವರು ಹುಬ್ಬು ಗಂಟಿಕ್ಕಬಹುದು. ನಾನು ಬೇಟೆಗಾರನಲ್ಲ, ಹುಲಿ ಹೊಡೆದ ಕಥೆ ನನ್ನಲ್ಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಗಣಿತ ಕಲಿಸಿ ವಿಶ್ರಾಂತನಾದ ಉಪಾಧ್ಯಾಯ. ಅಳತೆ ತಪ್ಪಿದ ಒಂದು ಲೆಕ್ಕವನ್ನು ಸರಿಪಡಿಸುವುದಷ್ಟೇ ಈ ಲೇಖನದ ಉದ್ದೇಶ.

ನಮ್ಮ ಊರು ಮುಂಡಗೋಡ ತಾಲೂಕಿನ ಮಳಗಿ. ಉತ್ತರಕನ್ನಡದ ಕಾಡು ಮುಗಿದು ಹಾನಗಲ್ಲ ಕಡೆಯ ಬಯಲು ಆರಂಭವಾಗುವ ಅಂಚು ಅದು. ವರದೆಯನ್ನು ಸೇರುವ ಧರ್ಮಾ ನದಿಗೆ ನಮ್ಮಲ್ಲಿ ಅಣೆಕಟ್ಟಿದೆ. ಅದರ ನೀರು ಹಾನಗಲ್ಲಿನ ಹೊಲಗಳಿಗೆ ಹರಿಯುತ್ತದೆ. ಕಾಡೂ ಗದ್ದೆಯೂ ಒಂದನ್ನೊಂದು ಮುಟ್ಟಿಕೊಂಡಿರುವ ಇಂಥ ಊರಿನಲ್ಲಿ ರೈತನಿಗೆ ಇಬ್ಬರು ಪಾಲುಗಾರರು: ಹಗಲಿಗೆ ಮಂಗ, ರಾತ್ರಿಗೆ ಹಂದಿ. ಈಚಿನ ವರ್ಷಗಳಲ್ಲಿ ದಾಂಡೇಲಿಯ ಕಡೆಯಿಂದ ಇಳಿದು ಬರುವ ಆನೆಯೂ ಮೂರನೆಯ ಪಾಲು ಕೇಳುತ್ತದೆ. ಭತ್ತ ಹಾಲುಗಟ್ಟಿದ ದಿನದಿಂದ ಕೊಯ್ಲಿನವರೆಗೆ ಗದ್ದೆಯ ಅಂಚಿನ ಮಾಳದಲ್ಲಿ ಯಾರಾದರೊಬ್ಬರು ಮಲಗಲೇಬೇಕು. ಮಾಳವೆಂದರೆ ನಾಲ್ಕು ಕಂಬದ ಮೇಲೆ ಕಟ್ಟಿ ಹುಲ್ಲು ಹೊದೆಸಿದ ಕಾವಲಟ್ಟ. ಅಲ್ಲಿ ಒಂದು ಡಬ್ಬ, ಒಂದು ಕಂಬಳಿ, ಬೆಂಕಿಗೆ ಒಂದು ಕುಂಟೆ. ಅನುಕೂಲವಿದ್ದವರ ಮಾಳದಲ್ಲಿ ಸರಕಾರದ ಪರವಾನಿಗೆಯುಳ್ಳ ಒಂದು ಕೇಪಿನ ಕೋವಿ.

ಕೇಪಿನ ಕೋವಿಯನ್ನು ಈಗಿನ ತರುಣರು ನೋಡಿರಲಾರರು. ಅದಕ್ಕೆ ಕಾಡತೂಸು ಇಲ್ಲ. ಪ್ರತಿಯೊಂದು ಈಡನ್ನೂ ನಳಿಗೆಯ ಬಾಯಿಂದ ಕೈಯಾರೆ ತುಂಬಬೇಕು. ಮೊದಲು ಮದ್ದು. ಅದರ ಮೇಲೆ ತೆಂಗಿನ ಕತ್ತದ ಉಂಡೆ. ಅದನ್ನು ಗಜದಿಂದ ಹದವಾಗಿ ಇಟ್ಟು ಕೂರಿಸಬೇಕು. ತರುವಾಯ ಚರೆ, ಚರೆ ಜಾರದಂತೆ ಮತ್ತೆ ಕತ್ತ. ಎಲ್ಲ ಮುಗಿದು ಗುರಿ ಹಿಡಿಯುವ ಹೊತ್ತಿಗೆ ಮಾತ್ರ ಬುಡದ ತೊಟ್ಟಿನ ಮೇಲೆ ತಾಮ್ರದ ಕೇಪು. ಕುದುರೆ ಎಂದು ನಾವು ಕರೆಯುವ ಸುತ್ತಿಗೆ ಬಡಿದೊಡನೆ ಕೇಪು ಕಿಡಿ ಉಗುಳುತ್ತದೆ, ಕಿಡಿ ಮದ್ದಿಗೆ ತಾಗುತ್ತದೆ. ಬಡಿದರೆ ಸಿಡಿಯುವ ಲವಣದಿಂದ ಕೋವಿ ಹೊತ್ತಿಸುವ ಈ ಉಪಾಯಕ್ಕೆ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫೋರ್ಸೈತ್ ಎಂಬ ಪಾದ್ರಿ ೧೮೦೭ರಲ್ಲಿ ಹಕ್ಕುಪತ್ರ ಪಡೆದನು. ಪಾಶ್ಚಾತ್ಯ ಸೈನ್ಯಗಳು ಕೇಪನ್ನು ಬಿಟ್ಟು ನೂರೈವತ್ತು ವರ್ಷಗಳಾದುವು. ನಮ್ಮ ಮಾಳಗಳಲ್ಲಿ ಅದು ನಿನ್ನೆ ಮೊನ್ನೆಯವರೆಗೂ ಬಾಳಿತು.

ನಮ್ಮ ತೀರ್ಥರೂಪರು ಈಡು ಮಾಡುವುದನ್ನು ನೋಡುವುದೆಂದರೆ ಸಂಧ್ಯಾವಂದನೆಯನ್ನು ನೋಡಿದಂತೆ. ಅವರು ಪೂರ್ವಾಭಿಮುಖವಾಗಿ ಕೂಡುತ್ತಿರಲಿಲ್ಲ ನಿಜ. ಆದರೆ ಕ್ರಮವೆಂಬುದು ಎಳ್ಳಷ್ಟೂ ತಪ್ಪುತ್ತಿರಲಿಲ್ಲ. ಆ ಹೊತ್ತಿನಲ್ಲಿ ಯಾರೂ ಅವರನ್ನು ಮಾತಾಡಿಸಕೂಡದು. “ಈಡು ಮಾಡುವಾಗ ಮಾತಿಲ್ಲ, ಮಾತಾಡುವಾಗ ಈಡಿಲ್ಲ” ಎಂಬುದು ಅವರ ಮೊದಲನೆಯ ಸೂತ್ರ. ಎರಡನೆಯ ಸೂತ್ರ “ಕೈಯನ್ನು ನಂಬಬೇಡ, ಗಜವನ್ನು ಕೇಳು” ಎಂಬುದು. ಗಜದ ಮೇಲೆ ಅವರು ಚಾಕುವಿನಿಂದ ಎರಡು ಗೆರೆ ಕೊರೆದಿದ್ದರು. ನಳಿಗೆ ಬರಿದಾಗಿದ್ದರೆ ಗಜ ಮೊದಲನೆಯ ಗೆರೆಯವರೆಗೆ ಇಳಿಯುತ್ತದೆ. ಸರಿಯಾದ ಈಡು ಇದ್ದರೆ ಎರಡನೆಯ ಗೆರೆ ಬಾಯಿಗೆ ಸರಿಯಾಗಿ ನಿಲ್ಲುತ್ತದೆ. ಎರಡಕ್ಕೂ ಹೊಂದದೆ ಗಜ ಮೇಲೆ ನಿಂತರೆ ಕೋವಿಯನ್ನು ಮುಟ್ಟದೆ ಬೆಳಕಿಗಾಗಿ ಕಾಯಬೇಕು. ಹಂದಿ ಇಡೀ ಗದ್ದೆಯನ್ನೇ ತಿಂದರೂ ಸರಿ.

ಅವರಿಗೆ ಅಳತೆಯ ಮೇಲೆ ಇಷ್ಟು ನಿಷ್ಠೆ ಬಂದುದಕ್ಕೆ ಕಾರಣವಿದ್ದಿತು. ಉಪ್ಪುಗೊಬ್ಬಳಿ ಎನ್ನುವ ಪೆಟ್ಲುಪ್ಪು, ಇದ್ದಲು, ಗಂಧಕ ಇವು ಮೂರರ ಮಿಶ್ರಣವಾದ ಕರಿಮದ್ದು ನಳಿಗೆಯಲ್ಲಿ ಎಷ್ಟು ಸುರಿದರೂ ‘ಸಾಕು’ ಎನ್ನುವುದಿಲ್ಲ. ಬಟ್ಟಲಿಗೆ ಅಂಚುಂಟು, ಕೊಡಕ್ಕೆ ಕಂಠವುಂಟು. ಮೂರು ಮೊಳದ ನಳಿಗೆಗೆ ಮಿತಿಯೆಂಬುದು ಹೊರಗಿನಿಂದ ಕಾಣುವುದಿಲ್ಲ. ಮಿತಿ ಇರಬೇಕಾದುದು ತುಂಬುವವನ ಕೈಯಲ್ಲಿ. ನಮ್ಮ ಕೋವಿ ಹನ್ನೆರಡನೆಯ ನಂಬರಿನದು. ಹನ್ನೆರಡೆಂದರೆ ಏನೆಂದು ನಾನು ಹುಡುಗನಾಗಿದ್ದಾಗ ಕೇಳಿದೆ. ಒಂದು ಪೌಂಡು ಸೀಸದಲ್ಲಿ ಸಮನಾದ ಹನ್ನೆರಡು ಗುಂಡು ಮಾಡಿದರೆ ಅವುಗಳಲ್ಲೊಂದು ಈ ನಳಿಗೆಯಲ್ಲಿ ಸರಿಯಾಗಿ ಕೂಡುತ್ತದೆ ಎಂದು ತಿಳಿಯಿತು. ಪೌಂಡಿಗೆ ೭,೦೦೦ ಗ್ರೇನು. ಹನ್ನೆರಡರಲ್ಲೊಂದು ಪಾಲು ಸುಮಾರು ೫೮೩ ಗ್ರೇನು. ೧೮೩೩ರಲ್ಲಿ ಕುಂಪಣಿಯವರು ತೊಲಕ್ಕೆ ೧೮೦ ಗ್ರೇನೆಂದು ನಿಶ್ಚಯಿಸಿದ್ದರಿಂದ ಆ ಗುಂಡು ನಮ್ಮ ಅಕ್ಕಸಾಲಿಗರ ಲೆಕ್ಕದಲ್ಲಿ ಮೂರೂಕಾಲು ತೊಲಕ್ಕೆ ಒಂದು ಕೂದಲೆಳೆ ಕಡಿಮೆ. ನಾನು ಮುಂದೆ ಗಣಿತದ ಮಾಸ್ತರನಾದುದಕ್ಕೆ ಈ ಲೆಕ್ಕವೇ ಬೀಜವೆಂದರೆ ತಪ್ಪಾಗದು.

ಇನ್ನು ಆ ಬಟ್ಟಲಿನ ಹುಟ್ಟು. ನಮ್ಮೂರಲ್ಲಿ ಒಬ್ಬರು ಕಮ್ಮಾರರಿದ್ದರು. ಊರು ಅವರನ್ನು ಏಕವಚನದಲ್ಲೇ ಕರೆಯುತ್ತಿತ್ತು; ನಾನೂ ಹಾಗೆಯೇ ಕರೆದವನು. ಈ ಲೇಖನದಲ್ಲಿ ಬಹುವಚನವನ್ನು ಉಪಯೋಗಿಸುತ್ತೇನೆ. ಯಾವ ಕಾಲದ ಯಾವ ದೊರೆಯ ಶಿಕಾರಿಯಿಂದಲೋ ಕಾಡಿನಲ್ಲಿ ಬಿದ್ದುಳಿದಿದ್ದ ಒಂದು ಖಾಲಿ ಹಿತ್ತಾಳೆಯ ಕಾಡತೂಸು ಅಪ್ಪನವರಿಗೆ ಸಿಕ್ಕಿದ್ದಿತು. ಅದನ್ನು ಆ ಕಮ್ಮಾರರು ಅಪ್ಪನವರು ತೂಗಿ ತೋರಿಸಿದ ಮದ್ದಿಗೆ ಸರಿಯಾಗಿ ಕತ್ತರಿಸಿ, ಅಂಚನ್ನು ಅರದಿಂದ ಉಜ್ಜಿ, ಹಿಡಿಕೆ ಬೆಸೆದು ಕೊಟ್ಟರು. ಒಮ್ಮೆ ತುಂಬಿ ಬೆರಳಿನಿಂದ ಸವರಿದರೆ ಒಂದು ಈಡಿನ ಮದ್ದು. ಅದಕ್ಕಿಂತ ಒಂದು ಕಾಳೂ ಹೆಚ್ಚಿಲ್ಲ. ಕೊಡುವಾಗ ಅವರು, “ಯಜಮಾನರ, ಇದು ತಪ್ಪಂಗಿಲ್ಲ. ತಪ್ಪಿದರ ಮನಶ್ಯಾ ತಪ್ಪಬೇಕು” ಎಂದಿದ್ದರಂತೆ. ಆ ಮಾತು ಹೀಗೆ ನಿಜವಾದೀತೆಂದು ಆಗ ಯಾರೂ ಬಲ್ಲವರಲ್ಲ.

೧೯೬೮ನೆಯ ಇಸವಿಯ ಕಾರ್ತಿಕ ಮಾಸ. ನನಗೆ ಹದಿನೈದು ವರ್ಷ, ಅಣ್ಣನಿಗೆ ಇಪ್ಪತ್ತು. ಅಪ್ಪನವರಿಗೆ ಚಳಿಜ್ವರ ಬಂದುದರಿಂದ ಆ ರಾತ್ರಿ ಮಾಳಕ್ಕೆ ನಾವಿಬ್ಬರೇ ಹೋಗಬೇಕಾಯಿತು. ಹೊರಡುವಾಗ ಅಪ್ಪನವರು ಮಲಗಿದಲ್ಲಿಂದಲೇ ಮದ್ದಿನ ಕೊಂಬಿಗೆ ಬಟ್ಟಲಿನಿಂದ ಇಪ್ಪತ್ತು ಅಳತೆ ಎಣಿಸಿ ಹಾಕಿಸಿದರು. ಈಡು ಮಾಡುವ ಅಧಿಕಾರ ನನಗೆ, ಹೊಡೆಯುವ ಅಧಿಕಾರ ಅಣ್ಣನಿಗೆ. ಕೈ ನಿಧಾನವಾದವನು ತುಂಬಲಿ, ಕಣ್ಣು ಚುರುಕಾದವನು ಹೊಡೆಯಲಿ ಎಂಬುದು ಅವರ ವಿಭಾಗಕ್ರಮ.

ಹೊತ್ತು ಮುಳುಗುವಾಗ ನಾನು ಮದ್ದು ಹಾಕಿದೆ, ಕತ್ತ ಇಟ್ಟು ಗಜ ಹೊಡೆದೆ. ಚರೆಯ ಚೀಲಕ್ಕೆ ಕೈ ಹಾಕುವಷ್ಟರಲ್ಲಿ ಕೆಳಗಿನಿಂದ ಅಣ್ಣ ಕುಂಟೆ ಎತ್ತಲು ಕರೆದನು. ಕೋವಿಯನ್ನು ಕಂಬಕ್ಕೆ ಒರಗಿಸಿ ಇಳಿದೆ. ಬೆಂಕಿ ಹೊತ್ತಿಸಿದೆವು, ರೊಟ್ಟಿ ತಿಂದೆವು, ಅಣ್ಣ ಶಿರಸಿಯ ಜಾತ್ರೆಯಲ್ಲಿ ನೋಡಿದ ನಾಟಕದ ಸುದ್ದಿ ಹೇಳಿದನು, ನಗುತ್ತ ನಗುತ್ತ ನಿದ್ದೆ ಬಂದಿತು. ಯಾವ ಜಾವದಲ್ಲೋ ಗದ್ದೆಯ ಮೂಲೆಯಲ್ಲಿ ಹಂದಿಗಳ ಗುರುಗುಟ್ಟುವಿಕೆ. ಅಣ್ಣ ಮೊಳಕೈಯಿಂದ ತಿವಿದು, “ತಮ್ಮಾ, ಈಡು ಮಾಡೀಯೇನು?” ಎಂದನು. “ಇಲ್ಲೋ, ಈಗ ಮಾಡ್ತೀನಿ” ಎಂದು ನಾನು ಕತ್ತಲಲ್ಲಿ ಕೊಂಬನ್ನು ಎತ್ತಿಕೊಂಡೆ. ಮದ್ದು, ಕತ್ತ, ಗಜ, ಚರೆ, ಕತ್ತ, ಗಜ. ಕೊನೆಗೆ ಗಜವನ್ನು ಒತ್ತಿದಾಗ ಅದು ಎರಡನೆಯ ಗೆರೆಗಿಂತ ಎರಡು ಬೆರಳು ಮೇಲೆ ನಿಂತಿತು. ವಾಚಕರು ಇದನ್ನು ಗಮನಿಸಬೇಕು: ನನ್ನ ಬೆರಳಿಗೆ ಅದು ಗೊತ್ತಾಯಿತು. ಕತ್ತ ದಪ್ಪನಾಗಿದ್ದೀತು ಎಂದುಕೊಂಡೆ. ಅಣ್ಣ ಕೈ ಚಾಚಿದ್ದನು, ಹಂದಿಗಳು ತಿನ್ನುತ್ತಿದ್ದುವು, ಕೊಟ್ಟುಬಿಟ್ಟೆ.

ಆಮೇಲಿನದನ್ನು ಹೆಚ್ಚು ವರ್ಣಿಸಲಾರೆ. ಎಂದೂ ಕೇಳದ ಸದ್ದು, ಮಾಳವೆಲ್ಲ ಬೆಳಕು, ತರುವಾಯ ಅಣ್ಣನ ಧ್ವನಿ. ನಳಿಗೆ ಬುಡದಿಂದ ಗೇಣುದ್ದ ಮೇಲೆ ಬಾಳೆಯ ಸಿಪ್ಪೆಯಂತೆ ಸೀಳಿದ್ದಿತು. ಅಣ್ಣನ ಎಡಗೈಯ ಎರಡು ಬೆರಳು ಹೋದುವು. ಎಡಗಿವಿ ಅಂದಿನಿಂದ ಕೇಳದು. ಗಾಡಿ ಹೂಡಿ ಮುಂಡಗೋಡಕ್ಕೆ, ಅಲ್ಲಿಂದ ಬೆಳಗಿನ ಬಸ್ಸಿನಲ್ಲಿ ಹುಬ್ಬಳ್ಳಿಯ ಆಸ್ಪತ್ರೆಗೆ ಅವನನ್ನು ಕರೆದೊಯ್ದರು. ನಾನು ಮನೆಯಲ್ಲೇ ಉಳಿದೆ. ಬೆಳಕು ಹರಿಯುವ ಮುನ್ನ ಕೊಟ್ಟಿಗೆಗೆ ಹೋಗಿ ಕೊಂಬಿನ ಮದ್ದನ್ನು ಬಟ್ಟಲಿನಿಂದ ಅಳೆದೆ. ಇಪ್ಪತ್ತರಲ್ಲಿ ಒಂದು ಹೋಗಿ ಹತ್ತೊಂಬತ್ತು ಇರಬೇಕು. ಹದಿನೆಂಟು ಇದ್ದಿತು. ಮತ್ತೊಮ್ಮೆ ಅಳೆದೆ. ಹದಿನೆಂಟೇ.

ಆ ಲೆಕ್ಕವನ್ನು ನಾನು ಯಾರಿಗೂ ಹೇಳಲಿಲ್ಲ. ಮೊದಲ ದಿನ ಭಯದಿಂದ, ಎರಡನೆಯ ದಿನ ಮೊದಲ ದಿನ ಹೇಳಲಿಲ್ಲವೆಂಬ ಕಾರಣದಿಂದ. ಮೂರನೆಯ ದಿನದ ಹೊತ್ತಿಗೆ ಊರು ತನ್ನದೇ ಕಾರಣವನ್ನು ಹುಡುಕಿಕೊಂಡಿತು. ಆ ಬೇಸಗೆಯಲ್ಲಿ ಕೋವಿಯ ಬುಡದ ಬಿರಡೆ ಕಚ್ಚಿಕೊಂಡಿದ್ದಾಗ ಕಮ್ಮಾರರು ಅದನ್ನು ಕಾಯಿಸಿ ಬಿಚ್ಚಿದ್ದರು. ‘ನಳಿಗೆಯನ್ನು ಬೆಂಕಿಗೆ ಹಿಡಿದು ಕಬ್ಬಿಣದ ಕಸುವು ತೆಗೆದನು’ ಎಂದು ಒಬ್ಬರು ಅಂದರು; ಹತ್ತು ಜನ ತಲೆದೂಗಿದರು. ಕಮ್ಮಾರರು ನಮ್ಮ ಅಂಗಳಕ್ಕೆ ಬಂದು, “ನಾ ಬುಡಾ ಅಷ್ಟ ಕಾಯಿಸೇನ್ರೀ, ನಳಗಿ ಮುಟ್ಟಿಲ್ಲ. ನನ್ನ ಕೆಲಸದಾಗ ತಪ್ಪಿಲ್ಲ” ಎಂದು ಎರಡು ಸಲ ಹೇಳಿದರು. ಅಪ್ಪನವರು ನೆಲ ನೋಡುತ್ತ ಕುಳಿತಿದ್ದರು. ನಾನು ಬಾಗಿಲ ಸಂದಿಯಲ್ಲಿದ್ದೆ. ಮರುವರ್ಷದಿಂದ ಅವರ ಕುಲುಮೆಗೆ ಕೋವಿ ಬರುವುದು ನಿಂತಿತು. ಕ್ರಮೇಣ ಗುಳವೂ ಕುಡುಗೋಲೂ ಬೇರೆ ಊರಿನ ಕುಲುಮೆಗೆ ಹೋಗತೊಡಗಿದುವು. ಕಬ್ಬಿಣದ ಹದ ತಿಳಿಯದವನೆಂಬ ಮಾತು ಕಮ್ಮಾರನಿಗೆ ಅಂಟಿದರೆ ಅವನ ಬಾಳುವೆಯಲ್ಲಿ ಇನ್ನೇನು ಉಳಿಯಿತು?

ಅಪ್ಪನವರು ಅದೇ ಪರವಾನಿಗೆಯ ಮೇಲೆ ಇನ್ನೊಂದು ಕೋವಿಯನ್ನು ಕೊಂಡರು. ೧೯೭೨ರ ವನ್ಯಜೀವಿ ಸಂರಕ್ಷಣೆಯ ಕಾಯಿದೆಯ ಬಳಿಕ ಅದು ಬರಿಯ ಸದ್ದಿನ ಸಾಧನವಾಯಿತು. ಚರೆಯಿಲ್ಲದೆ ಮದ್ದಷ್ಟನ್ನೇ ಹೊಡೆದು ಹಂದಿಯನ್ನು ಓಡಿಸುವುದು. ಆದಾಗ್ಯೂ ಬಟ್ಟಲು ಅದೇ, ಸೂತ್ರವೂ ಅದೇ. ೧೯೮೯ರಲ್ಲಿ ಅಪ್ಪನವರು ತೀರಿಕೊಂಡರು. ಅದಕ್ಕೆ ನಾಲ್ಕು ದಿನ ಮೊದಲು ಹೊಲಮನೆಗಳ ಮಾತೆಲ್ಲ ಮುಗಿದ ಮೇಲೆ ಆ ಬಟ್ಟಲನ್ನು ತರಿಸಿ ನನ್ನ ಕೈಯಲ್ಲಿಟ್ಟು, “ಅಳತಿ ನಿನ್ನ ಕಡೆ ಇರಲಿ” ಎಂದರು. ಕೋವಿಯೊಡನೆ ಅದು ಅಣ್ಣನಿಗೆ ಹೋಗಬೇಕಾದ ವಸ್ತು. ನನಗೇಕೆ ಕೊಟ್ಟರೆಂದು ಅವರನ್ನು ಕೇಳುವ ಧೈರ್ಯ ನನಗಾಗಲಿಲ್ಲ. ಕೊಂಬಿನಲ್ಲಿ ಉಳಿದ ಮದ್ದನ್ನು ಅವರೂ ಒಮ್ಮೆ ಅಳೆದು ನೋಡಿದ್ದಿರಬೇಕು.

ಹೀಗೆ ಗೂಡಿನಲ್ಲಿ ಕುಳಿತ ಬಟ್ಟಲು ಮಾತಾಡಿದುದು ಹತ್ತು ಸಾವಿರ ಮೈಲಿ ಆಚೆ. ೨೦೨೩ರ ಚಳಿಗಾಲದಲ್ಲಿ ನಾನು ಅಮೇರಿಕೆಯ ಅರಿಝೋನಾ ಪ್ರಾಂತದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅಳಿಯಂದಿರು ಧಾರವಾಡದ ಕಡೆಯವರು, ಎಂಜಿನಿಯರು. ಅವರಿಗೆ ರಜೆಯ ದಿನ ಗುರಿ ಹೊಡೆಯುವ ಹವ್ಯಾಸ; ಅದಕ್ಕಿಂತ ಹೆಚ್ಚಾಗಿ ಅದಕ್ಕೆ ಬೇಕಾದ ಕಾಡತೂಸುಗಳನ್ನು ಕೈಯಿಂದಲೇ ತುಂಬುವ ಹವ್ಯಾಸ. ನಮ್ಮ ದೇಶದಲ್ಲಿ ೧೯೫೯ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಪರವಾನಿಗೆಯಿಲ್ಲದೆ ಮದ್ದುಗುಂಡು ತಯಾರಿಸಕೂಡದು. ಅಲ್ಲಿ ಅದು ಗೃಹಸ್ಥರ ಬಿಡುವಿನ ಕೆಲಸ. ಮೋಟಾರು ನಿಲ್ಲಿಸುವ ಕೋಣೆಯ ಮೂಲೆಯಲ್ಲಿ ಮೇಜು, ಅದರ ಮೇಲೆ ಹಿಡಿಕೆಯ ಒತ್ತುಯಂತ್ರ, ಅಕ್ಕಸಾಲಿಗರಿಗೆ ಹೊಟ್ಟೆಕಿಚ್ಚಾಗುವಂಥ ತಕ್ಕಡಿ.

ಅವರ ಕೈಪಿಸ್ತೂಲು ಅರ್ಧ ಅಂಗುಲ ಬಾಯಿಯದು. ಇಷ್ಟು ದೊಡ್ಡದೇಕೆಂದೆ. “ಮಾವಾ, ಇದಕ್ಕ ಮೂಲ ನಮ್ಮ ದೇಶದಾಗೂ ಅದ” ಎಂದು ನಕ್ಕರು. ಆನೆಯ ಅಂಬಾರಿಯಲ್ಲಿ ಕುಳಿತು ಹುಲಿಯ ಬೇಟೆಗೆ ಹೋಗುತ್ತಿದ್ದ ದೊರೆಗಳು, ಗಾಯಗೊಂಡ ಹುಲಿ ಆನೆಯ ಮೈಯೇರಿದರೆ ಕಡೆಯ ರಕ್ಷಣೆಗೆಂದು ದೊಡ್ಡ ಬಾಯಿಯ ಜೋಡುನಳಿಗೆಯ ಪಿಸ್ತೂಲನ್ನು ಸೊಂಟದಲ್ಲಿಡುತ್ತಿದ್ದರು. ಹೌದಾ ಪಿಸ್ತೂಲೆಂದೇ ಅದಕ್ಕೆ ಹೆಸರು. ಅಮೇರಿಕೆಯಲ್ಲಿ ಈ ಹುಚ್ಚನ್ನು ಬೆಳೆಸಿದವರು ಕಾರ್ಖಾನೆಯವರಲ್ಲ, ಕೈಯಾರೆ ತುಂಬುವ ಹವ್ಯಾಸಿಗಳು. ಎಲ್ಮರ್ ಕೀತ್ ಎಂಬ ದನಗಾಹಿಯು ತಾನು ತುಂಬಿ ಪರೀಕ್ಷಿಸಿದ ಬಲವಾದ ಈಡುಗಳ ವಿಷಯವಾಗಿ ವರ್ಷಗಟ್ಟಲೆ ಬರೆದ ಮೇಲೆ ೧೯೫೫ರಲ್ಲಿ ‘ನಲವತ್ತನಾಲ್ಕು ಮ್ಯಾಗ್ನಂ’ ಎಂಬ ಕಾಡತೂಸು ಅಂಗಡಿಗೆ ಬಂದಿತು. ಆ ದಶಕದ ಕೊನೆಯ ಭಾಗದಲ್ಲಿ ಡಿಕ್ ಕಸೂಲ್ ಎಂಬಾತನು ಅದನ್ನೂ ಮೀರಿಸಿದನು. ೧೯೮೬ರಲ್ಲಿ ಜಾನ್ ಲೈನ್‌ಬಾ ಎಂಬ ಕೋವಿಕಾರನು ವಿಂಚೆಸ್ಟರ್ ರೈಫಲಿನ ಹಿತ್ತಾಳೆಯ ಕಾಡತೂಸನ್ನು ಗಿಡ್ಡವಾಗಿ ಕತ್ತರಿಸಿ ಅರ್ಧ ಅಂಗುಲದ ಗುಂಡಿಗೆ ಹೊಂದಿಸಿದನು. ಕತ್ತರಿಸಿದ ಹಿತ್ತಾಳೆ! ನನ್ನ ಮನಸ್ಸು ಮಳಗಿಯ ಗೂಡಿಗೆ ಹಾರಿತು.

ಇಷ್ಟು ಬಲವನ್ನು ಮುಷ್ಟಿಯಲ್ಲಿ ಹಿಡಿಯುವುದು ಹೇಗೆ? ಅದಕ್ಕೆ ಅವರು ತಿರುಗುವ ಉರುಳೆಯಲ್ಲಿ ಆರರ ಬದಲು ಐದೇ ರಂಧ್ರ ಕೊರೆಯುತ್ತಾರೆ; ರಂಧ್ರಗಳ ನಡುವಣ ಗೋಡೆ ಆಗ ದಪ್ಪನಾಗಿ ಉಳಿಯುತ್ತದೆ. ಒಂದು ಈಡನ್ನು ಬಿಟ್ಟುಕೊಟ್ಟು ಉಳಿದೈದರ ಭದ್ರತೆಯನ್ನು ಪಡೆಯುವ ಈ ವಿವೇಕ ನನಗೆ ಬಹಳ ಮೆಚ್ಚಿಗೆಯಾಯಿತು. ಈ ವಿವೇಕವೂ ಪುಕ್ಕಟೆ ಬಂದುದಲ್ಲ. ಆ ಕೀತನ ಕೈಯಲ್ಲೇ ೧೯೨೫ರಲ್ಲಿ ಅವನು ಬಲವಾಗಿ ತುಂಬಿದ ಹಳೆಯ ಪಿಸ್ತೂಲೊಂದು ಒಡೆದು ಉರುಳೆಯ ಮೇಲ್ಭಾಗವೇ ಹಾರಿಹೋಯಿತಂತೆ. ಅವನು ಅದನ್ನು ಮುಚ್ಚಿಡಲಿಲ್ಲ. ತನ್ನ ಕೋವಿಗೆ ಏನಾಯಿತೆಂಬುದನ್ನು ಪತ್ರಿಕೆಯಲ್ಲಿ ಬರೆದನು. ಗೋಡೆ ದಪ್ಪನಾಗಿರುವ ಬೇರೊಂದು ಜಾತಿಗೆ ಬದಲಾಯಿಸಿದನು. ಅಳಿಯಂದಿರು ಇದನ್ನು ಸಹಜವಾಗಿ ಹೇಳುತ್ತಿದ್ದರು. ನಾನು ಸುಮ್ಮನೆ ಕೇಳುತ್ತಿದ್ದೆ.

ಬಳಿಕ ಅವರು ಕೆಲಸಕ್ಕೆ ಕುಳಿತರು. ಹೊಡೆದು ಬರಿದಾದ ಹಿತ್ತಾಳೆಗಳನ್ನು ಉಕ್ಕಿನ ಅಚ್ಚಿಗೆ ಒತ್ತಿ ಮೊದಲಿನ ಗಾತ್ರಕ್ಕೆ ತಂದರು. ಸುಟ್ಟ ಕೇಪು ಹೊರಬಿದ್ದಿತು, ಹೊಸ ಕೇಪು ಕುಳಿತಿತು. ಬಾಯನ್ನು ಕೊಂಚ ಅರಳಿಸಿ, ಮದ್ದನ್ನು ತೂಗಿ ಹಾಕಿ, ಮರದ ಹಲಗೆಯ ಕುಳಿಗಳಲ್ಲಿ ಐವತ್ತನ್ನು ಸಾಲಾಗಿ ನಿಲ್ಲಿಸಿದರು. ಇನ್ನು ಗುಂಡನ್ನು ಕೂರಿಸಿ ಬಾಯನ್ನು ಮಡಿಸಿ ಬಿಗಿಯಬೇಕು. ಬಿಗಿಯದಿದ್ದರೆ ಒಂದನ್ನು ಹೊಡೆದ ಹೊಡೆತಕ್ಕೆ ಪಕ್ಕದ ರಂಧ್ರದ ಗುಂಡು ಮುಂದೆ ಜಾರಿ ಉರುಳೆಯೇ ಸಿಕ್ಕಿಬೀಳುವುದುಂಟು. ಆದರೆ ಗುಂಡು ಕೂರಿಸುವ ಮೊದಲು ಅವರು ಒಂದು ಕೈದೀಪವನ್ನು ತೆಗೆದು ಐವತ್ತು ಹಿತ್ತಾಳೆಗಳ ಒಳಕ್ಕೂ ಒಂದೊಂದಾಗಿ ಇಣಿಕಿ ನೋಡಿದರು. ಯಾಕೆಂದು ಕೇಳಿದೆ.

“ಎರಡು ಸಲ ಮದ್ದು ಬಿದ್ದಿರಬಹುದು ಮಾವಾ. ನಡುವ ಫೋನ್ ಬಂದರ, ಯಾರರ ಕರದರ, ಮನಸ್ಸು ತಪ್ಪತದ. ಕೈಗೆ ನೆನಪಿರೂದಿಲ್ಲ. ಒಂದು ಅನುಮಾನ ಬಂತೋ, ಐವತ್ತೂ ಸುರುವಿ ಮೊದಲಿಂದ ತುಂಬೂದು.”

ಅವರು ಇನ್ನೂ ಹೇಳಿದರು. ಹೊಗೆಯಿಲ್ಲದ ಈಗಿನ ಮದ್ದುಗಳಲ್ಲಿ ಕೆಲವು ಎಷ್ಟು ತೀಕ್ಷ್ಣವೆಂದರೆ ಹಿತ್ತಾಳೆಯ ಅರ್ಧ ಕೂಡ ತುಂಬುವುದಿಲ್ಲ; ಎರಡು ಸಲ ಬಿದ್ದರೂ ಹೊರಗೆ ತೋರದು. ಆದುದರಿಂದ ತಿಳಿದವರು ನಿಧಾನವಾಗಿ ಉರಿಯುವ, ಹಿತ್ತಾಳೆ ತುಂಬುವಷ್ಟು ಗಾತ್ರವುಳ್ಳ ಮದ್ದನ್ನೇ ಆರಿಸುತ್ತಾರೆ. ಎರಡನೆಯ ಸಲ ಹಾಕಿದರೆ ಅದು ಉಕ್ಕಿ ಮೇಜಿನ ಮೇಲೆ ಚೆಲ್ಲಿ ತಾನೇ ಎಚ್ಚರಿಸುತ್ತದೆ. ತಪ್ಪು ಆಗದಂತೆ ನೋಡಿಕೊಳ್ಳುವುದು ಒಂದು. ಆದ ತಪ್ಪು ಕಣ್ಣಿಗೆ ಬೀಳುವಂತೆ ಏರ್ಪಡಿಸಿಕೊಳ್ಳುವುದು ಇನ್ನೊಂದು. ಎರಡನೆಯದೇ ಮೇಲು ಎಂಬುದು ಆ ಹವ್ಯಾಸಿಗಳ ಶಾಸ್ತ್ರ. ಗಜದ ಮೇಲಿನ ಆ ಎರಡು ಗೆರೆಗಳೂ ಇದನ್ನೇ ಹೇಳುತ್ತಿದ್ದುವು. ನನ್ನ ತಪ್ಪು ನನಗೆ ಕಾಣದೆ ಹೋಯಿತೆಂದು ನಾನು ಇಷ್ಟು ಕಾಲ ಸಮಾಧಾನ ಹೇಳಿಕೊಂಡಿದ್ದೆನಲ್ಲವೆ? ಅದು ಕಂಡಿದ್ದಿತು. ಎರಡು ಬೆರಳಿನಷ್ಟು ಕಂಡಿದ್ದಿತು. ಬೆಳಗಾದ ಮೇಲೆ ಹದಿನೆಂಟು ಅಳತೆಯಾಗಿ ಎರಡನೆಯ ಸಲ ಕಂಡಿದ್ದಿತು. ಅಂಗಳದಲ್ಲಿ ನಿಂತ ಕಮ್ಮಾರರ ಮುಖದಲ್ಲಿ ಮೂರನೆಯ ಸಲ ಕಂಡಿದ್ದಿತು. ಆ ರಾತ್ರಿ ಮಗಳ ಮನೆಯಲ್ಲಿ ನನಗೆ ನಿದ್ದೆ ಬರಲಿಲ್ಲ.

ನಾನು ಊರಿಗೆ ಮರಳಿದಾಗ ೨೦೨೪ರ ಲೋಕಸಭೆಯ ಚುನಾವಣೆ ಸಮೀಪಿಸಿದ್ದಿತು. ಚುನಾವಣೆ ಬಂದಾಗಲೆಲ್ಲ ಪರವಾನಿಗೆಯ ಕೋವಿಗಳನ್ನು ಪೋಲೀಸು ಠಾಣೆಯಲ್ಲಿ ಇಡಬೇಕೆಂಬುದು ನಮ್ಮ ರೈತರಿಗೆ ಅಭ್ಯಾಸವಾದ ವಿಧಿ. ಕೋವಿಯನ್ನು ಹಿಂದಕ್ಕೆ ತರುವುದೇ ಬೇಡ, ಪರವಾನಿಗೆಯನ್ನು ಬಿಟ್ಟುಕೊಡೋಣವೆಂದು ಅಣ್ಣನ ಮಗನು ಹೇಳಿದನು. ಈಗ ಬೇಲಿಗೆ ಸೌರವಿದ್ಯುತ್ತಿನ ತಂತಿ ಬಂದಿದೆ. ಮಾಳದಲ್ಲಿ ಮಲಗುವ ಹುಡುಗರು ಇಲ್ಲ. ಅಣ್ಣ ಒಪ್ಪಿದನು. ಅಂದು ಸಂಜೆ ಜಗಲಿಯ ಮೇಲೆ ಇಬ್ಬರೇ ಇದ್ದಾಗ, ಅವನ ಕೇಳುವ ಬಲಗಿವಿಯ ಕಡೆಗೆ ಕುಳಿತು, ಇಪ್ಪತ್ತು ಮತ್ತು ಹದಿನೆಂಟರ ಲೆಕ್ಕವನ್ನು ನಾನು ಹೇಳಿದೆ.

ಅಣ್ಣ ತನ್ನ ಎಡಗೈಯನ್ನು ನೋಡಿಕೊಳ್ಳುವನೆಂದು ನಾನು ಹೆದರಿದ್ದೆ. ನೋಡಿಕೊಳ್ಳಲಿಲ್ಲ. ಬಹಳ ಹೊತ್ತು ರಸ್ತೆಯ ಕಡೆಗೆ ನೋಡುತ್ತಿದ್ದು, “ಕಮ್ಮಾರನ ಮನ್ಯಾಗ ಹೇಳಿದೇನು?” ಎಂದು ಕೇಳಿದನು. ಇಲ್ಲವೆಂದೆ. “ನನಗ ಯಾಕ ಹೇಳ್ತಿ ಹಂಗಾದರ? ನನ್ನ ಬೆರಳು ಹೋದಾವು, ಊರೆಲ್ಲ ಅಯ್ಯೋ ಅಂತು. ಅವನಿಗೆ ಯಾರು ಅಂದರು? ಮೊದಲ ಅಲ್ಲಿಗೆ ಹೋಗು” ಎಂದು ಎದ್ದು ಒಳಗೆ ಹೋದನು.

ಕಮ್ಮಾರರು ತೀರಿಕೊಂಡು ಎಷ್ಟೋ ವರ್ಷಗಳಾಗಿವೆ. ಅವರ ಮಗ ಈಗ ಬಾಗಿಲು, ಕಿಟಕಿಗಳಿಗೆ ಕಬ್ಬಿಣ ಬೆಸೆಯುವ ಅಂಗಡಿಯನ್ನಿಟ್ಟುಕೊಂಡಿದ್ದಾರೆ. ಬಟ್ಟಲನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಹೋದೆ. ನನ್ನನ್ನು ‘ಮಾಸ್ತರ’ ಎಂದು ಕರೆದು ಕುರ್ಚಿ ಹಾಕಿದರು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಅವರು ಕಣ್ಣಿಗೆ ಹಾಕಿಕೊಂಡಿದ್ದ ಕಪ್ಪು ಕನ್ನಡಕವನ್ನು ತೆಗೆದು ಬಟ್ಟಲನ್ನು ಬೆಳಕಿಗೆ ಹಿಡಿದು ಅಂಚಿನ ಮೇಲೆ ಬೆರಳಾಡಿಸಿದರು. “ಇದು ಅಪ್ಪನ ಅರ” ಎಂದರು. ಆಮೇಲೆ ನಿಧಾನವಾಗಿ, “ನಮ್ಮಪ್ಪ ಸಾಯೂತನಕಾ ಹೇಳ್ತಿದ್ದ ಮಾಸ್ತರ, ನಳಗಿ ನಾ ಕಾಯಿಸಿಲ್ಲ, ಅಂತ. ನಾವು ಮಕ್ಕಳು, ಹೂಂ ಅಂತಿದ್ದಿವಿ. ಆದರ ಖರೇ ಹೇಳ್ತೀನಿ, ನಂಬಿದ್ದಿಲ್ಲ. ಕಸಬಿನ ಅಭಿಮಾನಕ್ಕ ಹೇಳ್ತಾನ ಅಂತ ತಿಳಕೊಂಡಿದ್ದಿವಿ” ಎಂದರು.

ನನ್ನ ತಪ್ಪಿನ ಪೂರ್ಣ ಅಳತೆ ನನಗೆ ತಿಳಿದುದು ಆ ಮಾತಿನಿಂದ. ನಾನು ಕಮ್ಮಾರರ ಕಸಬನ್ನು ಮಾತ್ರ ಕೆಡಿಸಿದೆನೆಂದು ತಿಳಿದಿದ್ದೆ. ಮಕ್ಕಳು ತಂದೆಯ ಮಾತನ್ನು ನಂಬದಂತೆಯೂ ಮಾಡಿದ್ದೆನು. ಅಣ್ಣನ ಬೆರಳುಗಳು ಒಂದು ಕ್ಷಣದ ಮರವೆಯಿಂದ ಹೋದುವು, ಮರವೆಗೆ ಕ್ಷಮೆಯುಂಟು. ಇದು ಮರವೆಯಲ್ಲ. ದಿನವೂ ನೆನಪಿದ್ದು ದಿನವೂ ಹೇಳದೆ ಉಳಿಸಿದ್ದು. ಮದ್ದನ್ನು ಎರಡು ಸಲ ಹಾಕಿದೆನು ನಿಜ. ಮೌನವನ್ನು ಇಪ್ಪತ್ತು ಸಾವಿರ ಸಲ ಹಾಕಿದೆನು.

ಏನು ಮಾಡಲಿ ಎಂದು ಕೇಳಿದೆ. ಅವರು ಕೋಪಿಸಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. “ಅಪ್ಪಗ ಅಂದದ್ದು ನಾಲ್ಕು ಮಂದಿ ಎದುರಿಗೆ ಅಂದರು. ನೀವೂ ನಾಲ್ಕು ಮಂದಿ ಎದುರಿಗೆ ಹೇಳ್ತೀರೇನು?” ಎಂದರು.

ಮರುದಿನ ಊರ ಚಹದಂಗಡಿಯ ಮುಂದೆ ಹೇಳಿದೆ. ಆದರೆ ಅಂದು ತಲೆದೂಗಿದವರಲ್ಲಿ ಈಗ ಬದುಕಿರುವವರು ಇಬ್ಬರೋ ಮೂವರೋ. ಉಳಿದವರ ಮಕ್ಕಳು ಹುಬ್ಬಳ್ಳಿಯಲ್ಲಿಯೂ ಶಿರಸಿಯಲ್ಲಿಯೂ ಕಾರವಾರದಲ್ಲಿಯೂ ನೆಲಸಿದ್ದಾರೆ. ಅವರ ಮನೆಗಳಿಗೆ ಈ ಪತ್ರಿಕೆ ಹೋಗುತ್ತದೆ. ಹೆಸರನ್ನು ಬರೆಯುವುದು ಬೇಡವೆಂದು ಮಗನು ಹೇಳಿದುದರಿಂದ ಬರೆದಿಲ್ಲ, ಬಲ್ಲವರು ಬಲ್ಲರು. ಅವರಿಗೆ ನಾನು ತಿಳಿಸುವುದೇನೆಂದರೆ: ೧೯೬೮ರ ಕಾರ್ತಿಕದಲ್ಲಿ ಮಳಗಿಯ ಮಾಳದಲ್ಲಿ ಒಡೆದ ಕೋವಿಯ ನಳಿಗೆಯಲ್ಲಿ ದೋಷವಿರಲಿಲ್ಲ. ಕಮ್ಮಾರರ ಕೆಲಸದಲ್ಲಿ ತಪ್ಪಿರಲಿಲ್ಲ. ಮದ್ದನ್ನು ಎರಡು ಸಲ ಹಾಕಿದವನು ನಾನು.

ಬಟ್ಟಲು ಈಗ ಅವರ ಅಂಗಡಿಯಲ್ಲಿ ತಂದೆಯ ಪಟದ ಕೆಳಗಿನ ಹಲಗೆಯ ಮೇಲೆ ಇದೆ. ಅದರ ಅಳತೆ ಇಂದಿಗೂ ಸರಿಯಾಗಿದೆ.